ಕುದುರೆಯ ಗೊರಸೂ ಅದರ ಮೇವೂ

ಕುದುರೆಯೆಂದೊಡನೆ ನಮಗೆ ಲಾಳದ ನೆನಪಾಗುತ್ತದೆ. ಟಾಂಗಾದ ಕುದುರೆ ಗಟ್ಟಿ ರಸ್ತೆಯ ಮೇಲೆ ಓಡುವಾಗ ಕೇಳಿಬರುವ ಟಕಟಕ ಸದ್ದು ಲಾಳದ್ದೇ. ಆದರೆ ಲಾಳವು ಕುದುರೆಯೊಡನೆ ಹುಟ್ಟಿಬಂದುದಲ್ಲ. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಅಶ್ವವಿದ್ಯೆಯನ್ನು ಕುರಿತು ಗ್ರಂಥ ಬರೆದ ಗ್ರೀಸಿನ ಜೆನೊಫನ್ ಮೊಳೆ ಹೊಡೆದ ಲಾಳದ ಮಾತನ್ನೇ ಎತ್ತುವುದಿಲ್ಲ; ಅಂಗಳದಲ್ಲಿ ಉರುಟುಗಲ್ಲುಗಳನ್ನು ಹರಡಿ ಕುದುರೆಯನ್ನು ಅವುಗಳ ಮೇಲೆ ನಿಲ್ಲಿಸಿದರೆ ಗೊರಸು ಗಟ್ಟಿಯಾಗುವುದೆಂದು ಸಲಹೆ ಕೊಡುತ್ತಾನೆ. ಇಂದಿಗೂ ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಅನೇಕರು ತಮ್ಮ ಕುದುರೆಗಳನ್ನು ಲಾಳವಿಲ್ಲದೆ ಬರಿಗಾಲಿನಲ್ಲಿಯೇ ಸಾಕುತ್ತಾರೆ. ಅವುಗಳಲ್ಲಿ ಕೆಲವು ಕಲ್ಲುನೆಲದ ಮೇಲೂ ಅಳುಕದೆ ಹೆಜ್ಜೆಯಿಡುತ್ತವೆ. ಮತ್ತೆ ಕೆಲವು ಸಣ್ಣ ಹರಳು ತಾಗಿದರೂ ಕುಂಟುತ್ತವೆ. ಇದಕ್ಕಾಗಿ ನೆಲವನ್ನೋ ಗೊರಸು ಕೆತ್ತುವವನನ್ನೋ ದೂರುವುದು ಸಹಜ. ಆದರೆ ಅನೇಕ ವೇಳೆ ಕಾರಣವಿರುವುದು ಕಾಲಿನ ಕೆಳಗಲ್ಲ, ಬಾಯಿಯ ಮುಂದೆ. ಅದು ಹೇಗೆಂಬುದನ್ನು ವಿಚಾರಮಾಡೋಣ.

ತೂಗುಬಿದ್ದ ಮೂಳೆ

ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು. ಕೂದಲು ಮುಗಿದು ಗೊರಸು ಮೊದಲಾಗುವ ಅಂಚಿನಿಂದ ಅದು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರುಗಳಷ್ಟು ಕೆಳಮುಖವಾಗಿ ಬೆಳೆಯುತ್ತದೆ. ಗೊರಸಿನ ಮುಂಭಾಗದಲ್ಲಿ ಗೋಡೆ ಪೂರ್ತಿಯಾಗಿ ಹೊಸದಾಗಲು 9ರಿಂದ 12 ತಿಂಗಳು ಬೇಕು.

ಗೊರಸಿನೊಳಗೆ ಕಾಲಿನ ಕೊನೆಯ ಮೂಳೆಯಿದೆ. ಅದು ಅಂಗಾಲಿನ ಮೇಲೆ ಕುಳಿತಿದೆಯೆಂದು ತೋರಬಹುದಾದರೂ, ವಾಸ್ತವವಾಗಿ ಅದು ಗೋಡೆಯ ಒಳಮೈಗೆ ತೂಗುಬಿದ್ದಿದೆ. ಗೋಡೆಯ ಒಳಮೈಯಿಂದ ಸುಮಾರು 550ರಿಂದ 600 ತೆಳ್ಳನೆಯ ಹಾಳೆಗಳು ಹೊರಟಿವೆ. ಒಂದೊಂದು ಹಾಳೆಗೂ 150ರಿಂದ 200 ಕಿರುಹಾಳೆಗಳು. ಮೂಳೆಯ ಕಡೆಯಿಂದ ಬಂದ ಅಂತಹವೇ ಹಾಳೆಗಳು ಇವುಗಳ ಸಂದುಗಳಲ್ಲಿ ಹೊಕ್ಕಿವೆ. ಎರಡು ಪುಸ್ತಕಗಳ ಹಾಳೆಗಳನ್ನು ಒಂದರೊಳಗೊಂದು ಸೇರಿಸಿ ಎಳೆದುನೋಡಿದವರಿಗೆ ಈ ಹೆಣಿಗೆಯ ಬಲ ತಿಳಿದಿರುತ್ತದೆ. ಅಲ್ಲಿ ಹಿಡಿದಿಡುವುದು ಘರ್ಷಣೆ. ಇಲ್ಲಿ ಜೀವಕೋಶಗಳ ಬೆಸುಗೆ.

ಇದರಿಂದಾಗುವ ಪ್ರಯೋಜನವನ್ನು ಲೆಕ್ಕಹಾಕಿ ನೋಡಬಹುದು. 500 ಕಿಲೋಗ್ರಾಂ ತೂಕದ ಕುದುರೆ ಸುಮ್ಮನೆ ನಿಂತಾಗ ಸುಮಾರು ನೂರಕ್ಕೆ 60 ಪಾಲು ಭಾರ ಮುಂಗಾಲುಗಳ ಮೇಲಿರುತ್ತದೆ. ಎಂದರೆ ಒಂದೊಂದು ಮುಂಗಾಲಿಗೂ 150 ಕಿಲೋಗ್ರಾಂ. ಹಾಳೆಗಳ ಒಟ್ಟು ವಿಸ್ತಾರ ಒಂದು ಗೊರಸಿಗೆ ಸುಮಾರು 0.8 ಚದರ ಮೀಟರು, ಅರ್ಥಾತ್ 8,000 ಚದರ ಸೆಂಟಿಮೀಟರು. ಹೀಗಾಗಿ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಕೇವಲ 19 ಗ್ರಾಂ. ನಾಗಾಲೋಟದಲ್ಲಿ ಒಂದೇ ಕಾಲಿನ ಮೇಲೆ ದೇಹಭಾರದ ಎರಡೂವರೆ ಪಟ್ಟು ಬಲ ಬಿದ್ದರೂ ಅದು 160 ಗ್ರಾಂ ಮೀರದು. ಒಳಮೈ ನುಣುಪಾಗಿದ್ದಿದ್ದರೆ ಈ ಭಾರವನ್ನೆಲ್ಲ ಕೆಲವೇ ನೂರು ಚದರ ಸೆಂಟಿಮೀಟರುಗಳು ಹೊರಬೇಕಾಗುತ್ತಿತ್ತು.

ಈ ಬೆಸುಗೆ ಸಡಿಲವಾಗುವ ರೋಗವೇ ಲ್ಯಾಮಿನೈಟಿಸ್. ಹಾಳೆಗಳು ಹಿಗ್ಗಿ ಹರಿದರೆ ಮೂಳೆ ಗೋಡೆಯಿಂದ ಬೇರ್ಪಟ್ಟು ಕೆಳಕ್ಕೆ ಜಗ್ಗುತ್ತದೆ. ನೋವು ಅತಿದಾರುಣ; ರೋಗ ಮಿತಿಮೀರಿದಾಗ ಕುದುರೆಯ ಪ್ರಾಣವನ್ನೇ ತೆಗೆಯಬೇಕಾಗಿ ಬರುವುದೂ ಉಂಟು. ರೋಗ ಇಷ್ಟು ಉಗ್ರವಾಗದಿದ್ದರೂ, ಹಾಳೆಗಳು ತುಸು ಜಗ್ಗಿದ ಮಾತ್ರಕ್ಕೆ ಅಂಗಾಲು ತೆಳ್ಳಗಾಗಿ, ಬರಿಗಾಲಿನ ಕುದುರೆ ಪ್ರತಿಯೊಂದು ಕಲ್ಲಿಗೂ ಅಂಜುತ್ತದೆ.

ಹುಲ್ಲಿನೊಳಗಣ ಸಕ್ಕರೆ

ಪ್ರಾಚೀನ ಗ್ರೀಕರು ಇಂತಹ ವ್ಯಾಧಿಯನ್ನು 'ಬಾರ್ಲಿ ರೋಗ'ವೆಂದು ಕರೆದರು. ಮೇವಿಗೂ ಕಾಲಿಗೂ ಸಂಬಂಧವಿದೆಯೆಂಬುದು ಅವರಿಗೆ ಹೊಳೆದಿತ್ತು. ಆ ಸಂಬಂಧದ ಒಂದು ಮುಖ್ಯ ಕೊಂಡಿ ಸಿಕ್ಕಿದುದು 2007ರಲ್ಲಿ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್‌ನ ಸಂಶೋಧಕರು ಆರೋಗ್ಯವಂತ ಪೋನಿಗಳ ರಕ್ತಕ್ಕೆ ಎಡೆಬಿಡದೆ ಇನ್ಸುಲಿನ್ನನ್ನು ಹರಿಸಿ, ರಕ್ತದ ಸಕ್ಕರೆ ಇಳಿಯದಂತೆ ಗ್ಲೂಕೋಸನ್ನೂ ಕೊಟ್ಟರು. 72 ಗಂಟೆಗಳೊಳಗಾಗಿ ಅವುಗಳ ನಾಲ್ಕು ಕಾಲುಗಳಲ್ಲಿಯೂ ಲ್ಯಾಮಿನೈಟಿಸ್ ಕಾಣಿಸಿಕೊಂಡಿತು. ಸಿಹಿ ಮೇವು ತಿಂದಾಗ ಇನ್ಸುಲಿನ್ ಮಿತಿಮೀರಿ ಏರುವ ಕುದುರೆಗಳಿಗೆ ಹಸುರು ಹುಲ್ಲೂ ಅಪಾಯಕಾರಿಯಾಗಬಲ್ಲುದೆಂಬುದು ಇದರಿಂದ ಸ್ಪಷ್ಟವಾಯಿತು.

ಹುಲ್ಲಿನಲ್ಲಿ ಸಕ್ಕರೆ ಎಲ್ಲಿಂದ ಬಂತು? ಬಿಸಿಲಿನ ಶಕ್ತಿಯಿಂದ ಎಲೆ ಹಗಲೆಲ್ಲ ಸಕ್ಕರೆಯನ್ನು ತಯಾರಿಸುತ್ತದೆ. ರಾತ್ರಿ ಆ ಸಕ್ಕರೆಯನ್ನು ಬೆಳವಣಿಗೆಗೆ ಖರ್ಚುಮಾಡುತ್ತದೆ. ಆದುದರಿಂದ ಸಕ್ಕರೆ ಸಾಮಾನ್ಯವಾಗಿ ನಸುಕಿನಲ್ಲಿ ಕಡಿಮೆ, ಇಳಿಹಗಲಿನಲ್ಲಿ ಹೆಚ್ಚು. ಆದರೆ ರಾತ್ರಿಯ ಉಷ್ಣತೆ 5 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಂತುಹೋಗುತ್ತದೆ. ಆದಾಯ ನಿಲ್ಲದೆ ಖರ್ಚು ಮಾತ್ರ ನಿಂತ ಮನೆಯಂತೆ ಹುಲ್ಲಿನಲ್ಲಿ ಸಕ್ಕರೆ ಶೇಖರವಾಗುತ್ತದೆ. ಹಿಮ ಬಿದ್ದ ರಾತ್ರಿಯ ಮಾರನೆಯ ಬಿಸಿಲಿನ ಬೆಳಗು ನೋಡಲು ಸೊಗಸು, ಇಂತಹ ಕುದುರೆಗೆ ಕೇಡು.

ತಂಪುದೇಶಗಳ ರೈ ಹುಲ್ಲಿನಂತಹವು ಹೆಚ್ಚಿನ ಸಕ್ಕರೆಯನ್ನು ಫ್ರಕ್ಟಾನ್ ರೂಪದಲ್ಲಿ ಕಾಂಡದ ಬುಡದಲ್ಲಿ ಕೂಡಿಡುತ್ತವೆ. ಕುದುರೆಯ ಸಣ್ಣ ಕರುಳು ಫ್ರಕ್ಟಾನನ್ನು ಜೀರ್ಣಿಸಲಾರದು. ಅದು ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಮೈದಾನದ ಹುಲ್ಲು ಬುಡದವರೆಗೂ ಮೇದು ಕುಳ್ಳಾಗಿದೆಯೆಂದು ನೆಮ್ಮದಿಯಿಂದಿರುವುದು ಇದರಿಂದಲೇ ತಪ್ಪು. ನಮ್ಮ ನಾಡಿನ ಗರಿಕೆಯಂತಹ ಉಷ್ಣದೇಶದ ಹುಲ್ಲುಗಳು ಫ್ರಕ್ಟಾನಿಗೆ ಬದಲಾಗಿ ಪಿಷ್ಟವನ್ನು ಕೂಡಿಡುತ್ತವೆ. ಅವುಗಳಲ್ಲಿ ಒಟ್ಟು ಸಕ್ಕರೆ ಪಿಷ್ಟಗಳು ಸಾಮಾನ್ಯವಾಗಿ ಕಡಿಮೆ.

ಮೇವಿನ ಕ್ರಮ

ಹಾಗಾದರೆ ಕುದುರೆಯನ್ನು ಉಪವಾಸ ಕೆಡವಬೇಕೆ? ಕೂಡದು. ಕುದುರೆಯ ಜಠರ ಚಿಕ್ಕದು. ದಿನದ ಬಹುಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಮೇಯುತ್ತ ಕಳೆಯುವುದು ಅದರ ಪ್ರಕೃತಿ. ಕೊಬ್ಬಿದ ಪೋನಿಗಳಿಗೆ ಹಠಾತ್ತಾದ ಉಪವಾಸ ಪ್ರಾಣಕ್ಕೇ ಅಪಾಯ. ದಿನಕ್ಕೆ ದೇಹಭಾರದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣತೂಕದ ಮೇವು ಬೇಕು. 500 ಕಿಲೋಗ್ರಾಂ ಕುದುರೆಗೆ ಏಳೂವರೆಯಿಂದ 10 ಕಿಲೋಗ್ರಾಂ. ಇದನ್ನು ಕಣ್ಣಂದಾಜಿನಲ್ಲಿ ಕೊಡದೆ ತೂಗಿ ಕೊಡಬೇಕು. ರೋಗಕ್ಕೆ ಈಡಾಗಬಲ್ಲ ಕುದುರೆಗೆ ಸಕ್ಕರೆ ಪಿಷ್ಟಗಳೆರಡೂ ಸೇರಿ ನೂರಕ್ಕೆ 10-12 ಪಾಲು ಮೀರದ ಒಣಹುಲ್ಲು ಒಳ್ಳೆಯದು. ಒಣಹುಲ್ಲನ್ನು ಒಂದು ಗಂಟೆ ನೀರಿನಲ್ಲಿ ನೆನೆಯಿಟ್ಟು ಆ ನೀರನ್ನು ಚೆಲ್ಲಿದರೆ ಸಕ್ಕರೆಯ ಒಂದಂಶ ಕರಗಿಹೋಗುತ್ತದೆ. ಹಗುರ ಕೆಲಸದ ಕುದುರೆಗೆ ಧಾನ್ಯದ ಅಗತ್ಯವೇ ಇಲ್ಲ.

ಮೇಯಲು ಬಿಡುವುದಾದರೆ ನಸುಕಿನಲ್ಲಿ ಬಿಟ್ಟು ಬಿಸಿಲೇರುವುದಕ್ಕೆ ಮುಂಚೆ ಕರೆತರುವುದು ಲೇಸು. ಹಿಮ ಬಿದ್ದ ದಿನಗಳಲ್ಲಿ ಬಿಡದಿರುವುದೇ ಲೇಸು. ಮೇಯುವ ವೇಗವನ್ನು ತಗ್ಗಿಸುವ ಬಾಯಿಕುಕ್ಕೆಯೂ ಉಂಟು. ಕೆಲವರು ಮೈದಾನದ ಸುತ್ತ ಬೇಲಿಯೊಳಗೆ ಓಣಿಯೊಂದನ್ನು ಮಾಡಿ, ಮೇವನ್ನು ಒಂದೆಡೆಯೂ ನೀರನ್ನು ಇನ್ನೊಂದೆಡೆಯೂ ಇಡುತ್ತಾರೆ; ಕುದುರೆ ನಡೆದೇ ತೀರಬೇಕು. ಆಸ್ಟ್ರೇಲಿಯದ ಕಾಡುಕುದುರೆಗಳನ್ನು ಉಪಗ್ರಹಗಳ ನೆರವಿನಿಂದ ಹಿಂಬಾಲಿಸಿದಾಗ ಅವು ದಿನಕ್ಕೆ ಸರಾಸರಿ 16 ಕಿಲೋಮೀಟರುಗಳಷ್ಟು ನಡೆಯುವುದು ಕಂಡುಬಂದಿತು. ಆದರೆ ಗೊರಸು ಬಿಸಿಯಾಗಿ, ಕುದುರೆ ಭಾರವನ್ನು ಹಿಂದಕ್ಕೆ ಹಾಕಿ ನಿಂತಿದ್ದರೆ ಅದನ್ನು ನಡೆಸಬಾರದು. ಕೂಡಲೇ ಪಶುವೈದ್ಯರನ್ನು ಕರೆಯಬೇಕು.

ಸತು, ತಾಮ್ರಗಳಂತಹ ಖನಿಜಗಳೂ ಗೊರಸಿಗೆ ಬೇಕು. ವಿಯೆನ್ನದ ಲಿಪಿಜಾನರ್ ಕುದುರೆಗಳಿಗೆ ದಿನಕ್ಕೆ 20 ಮಿಲಿಗ್ರಾಂ ಬಯೊಟಿನ್ ಕೊಟ್ಟು ನಡೆಸಿದ ಪ್ರಯೋಗ 1995ರಲ್ಲಿ ಪ್ರಕಟವಾಯಿತು. ಗೊರಸು ಉತ್ತಮಗೊಂಡದ್ದೇನೋ ನಿಜ. ಆದರೆ ಅದು ಕಾಣಬಂದುದು ಒಂಬತ್ತು ತಿಂಗಳ ಅನಂತರ. ಇಂದು ತಿಂದ ಮೇವಿನಿಂದ ಹುಟ್ಟಿದ ಗೋಡೆ ನೆಲ ಮುಟ್ಟಲು ಅಷ್ಟು ಕಾಲ ಹಿಡಿಯುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಮರದ ಉಂಗುರಗಳಂತೆ ಗೊರಸಿನ ಮೇಲೂ ಗೆರೆಗಳಿರುತ್ತವೆ; ಅವು ಮುಂಭಾಗಕ್ಕಿಂತ ಹಿಮ್ಮಡಿಯಲ್ಲಿ ಹೆಚ್ಚು ಅಗಲವಾಗಿದ್ದರೆ ಹಳೆಯ ಲ್ಯಾಮಿನೈಟಿಸ್ಸನ್ನು ಶಂಕಿಸಬೇಕು.

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಮ್ಮ ಗಾದೆ. ಬೇಲಿಯೊಳಗಿನ ಕುದುರೆ ತನ್ನ ಊಟವನ್ನು ತಾನೇ ಆರಿಸಿಕೊಳ್ಳಲಾರದು. ಆದುದರಿಂದ ಅದರ ಊಟವನ್ನು ಬಲ್ಲವನು ಅದರ ಒಡೆಯನಾಗಿರಬೇಕು.