ಕೋನ್ ಹರಿದರೇನು? ಸ್ಪೀಕರ್ ಸತ್ತಿಲ್ಲ ಮಾರಾಯ್ರೆ!

ಹೀರೋ ಡೈಲಾಗ್ ಹೊಡೆದ. ಥಿಯೇಟರಿನಲ್ಲಿ ಶಿಳ್ಳೆಯ ಮೇಲೆ ಶಿಳ್ಳೆ! ಆದರೆ ಆ ಮಾತು ಬಂದದ್ದು ಹೀರೋನ ಬಾಯಿಂದಲ್ಲ. ಬೆಳ್ಳಿತೆರೆಯ ತುಂಬಾ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತುಗಳಿರುತ್ತವೆ. ಅದರ ಹಿಂದೆ ಕತ್ತಲಲ್ಲಿ ನಿಂತ ಸ್ಪೀಕರ್ ಪೆಟ್ಟಿಗೆಯೇ ನಿಮ್ಮ ಹೀರೋನ ಗಂಟಲು. ಕಟೌಟಿಗೆ ಆನೆಗಾತ್ರದ ಹಾರ ಬೀಳುತ್ತದೆ, ಪಾಪ, ಈ ಗಂಟಲಿಗೆ ಒಂದು ಹೂವೂ ಇಲ್ಲ!

1974ರ 'ಸಂಪತ್ತಿಗೆ ಸವಾಲ್'ನಲ್ಲಿ ರಾಜ್‌ಕುಮಾರ್ ತಾವೇ ಹಾಡಿದಾಗ ಅಭಿಮಾನಿಗಳು ಹುಚ್ಚೆದ್ದು ಕುಣಿದರಲ್ಲ, ಆ ದನಿಯನ್ನು ಊರೂರಿಗೆ ಮುಟ್ಟಿಸಿದ್ದು ಇದೇ ಕಾಗದದ ಕೋನ್. ನಮ್ಮ ಮಂಗಳೂರು ಕಡೆ 1971ರಲ್ಲಿ 'ಎನ್ನ ತಂಗಡಿ' ಮೊದಲ ಸಲ ತೆರೆಯ ಮೇಲೆ ತುಳು ಮಾತಾಡಿದ್ದೂ ಇದರ ಮೂಲಕವೇ.

ಇದರ ಅಪ್ಪಂದಿರು ಇಬ್ಬರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ರೈಸ್ ಮತ್ತು ಕೆಲ್ಲಾಗ್. 1925ರಲ್ಲಿ ಇವರು ತೋರಿಸಿದ ಮಾದರಿಯೇ ಇವತ್ತಿಗೂ ಮೂಲ. 1931ರಲ್ಲಿ 'ಆಲಂ ಆರಾ', 1934ರಲ್ಲಿ ನಮ್ಮ 'ಸತಿ ಸುಲೋಚನಾ' ಮಾತಾಡಿದವು. ಸುಮಾರು ನೂರು ವರ್ಷವಾದರೂ ಒಳಗಿನ ಸಂಸಾರ ಅದೇ.

ಒಳಗೆ ಯಾರ್ಯಾರಿದ್ದಾರೆ?

ಹಿಂದೆ ಭಾರದ ಮ್ಯಾಗ್ನೆಟ್. ಅದರ ನಡುವೆ ಉಂಗುರದಂಥ ಕಿರಿದಾದ ಸಂದು. ಸಂದಿನಲ್ಲಿ ತೇಲುವ ತಾಮ್ರದ ಸುರುಳಿಯೇ ವಾಯ್ಸ್ ಕಾಯಿಲ್. ಕಾಯಿಲ್‌ಗೆ ಅಂಟಿದ್ದು ಕಾಗದದ ಕೋನ್. ಕಾಯಿಲ್ ಅತ್ತಿತ್ತ ವಾಲದಂತೆ ಹಿಡಿಯುವ ನೆರಿಗೆ ಬಟ್ಟೆ ಸ್ಪೈಡರ್. ನಡುವಿನ ಟೊಪ್ಪಿ ಡಸ್ಟ್ ಕ್ಯಾಪ್. ಆಂಪ್ಲಿಫೈಯರಿನ ಕರೆಂಟ್ ಕಾಯಿಲ್‌ನಲ್ಲಿ ಹರಿದಾಗ ಮ್ಯಾಗ್ನೆಟ್ ಅದನ್ನು ಹಿಂದೆ ಮುಂದೆ ನೂಕುತ್ತದೆ, ಕೋನ್ ಗಾಳಿಯನ್ನು ನೂಕುತ್ತದೆ. ಅಷ್ಟೇ ಕಥೆ!

ಇದರಲ್ಲಿ ಸಾಯುವುದು ಕಾಗದ, ಅಂಟು, ತಂತಿ. ದುಡ್ಡಿನ ಮಾಲು ಮ್ಯಾಗ್ನೆಟ್ ಮತ್ತು ಫ್ರೇಮ್. ಅವು ಗಟ್ಟಿಯಾಗಿಯೇ ಇರುತ್ತವೆ. ಅಂಗಿ ಹರಿಯಿತೆಂದು ಹೀರೋನನ್ನೇ ಸಿನಿಮಾದಿಂದ ತೆಗೆಯುತ್ತಾರೆಯೇ? ಹಾಗಾದರೆ "ಇದು ಗುಜರಿಗೆ, ಹೊಸದು ತಗೊಳ್ಳಿ" ಎಂದ ಕೂಡಲೇ ತಲೆ ಆಡಿಸುವುದೇಕೆ?

ಪತ್ತನಾಜೆಯಿಂದ ದೀಪಾವಳಿಗೆ

ಕರಾವಳಿಯ ಸ್ಪೀಕರಿಗೆ ಇಬ್ಬರು ವಿಲನ್‌ಗಳು. ಒಬ್ಬ ಮಳೆರಾಯ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಮೈಕ್ ಸೆಟ್‌ನವರ ಪೆಟ್ಟಿಗೆಗಳು ಗೋಡೌನ್ ಸೇರುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು. ಕೋನ್ ಥಂಡಿ ಹಿಡಿದು ಮೆತ್ತಗಾಗುತ್ತದೆ, ಬೂಸಲು ಬರುತ್ತದೆ, ಉಪ್ಪುಗಾಳಿಗೆ ಸಂದಿನೊಳಗೆ ತುಕ್ಕು ಏಳುತ್ತದೆ. ದೀಪಾವಳಿ ಕಳೆದು ಮೊದಲ ಕಾರ್ಯಕ್ರಮದಲ್ಲಿ ಸ್ವಿಚ್ ಹಾಕಿದರೆ... ಗರ್ ಗರ್! ಬಾಡಿಗೆಯೂ ಹೋಯ್ತು, ಮರ್ಯಾದೆಯೂ ಹೋಯ್ತು.

ಇನ್ನೊಬ್ಬ ವಿಲನ್ ನಮ್ಮದೇ ಕೈ. "ಇನ್ನೂ ಜೋರು, ಇನ್ನೂ ಜೋರು" ಎಂದು ವಾಲ್ಯೂಂ ತಿರುಗಿಸಿದಾಗ ಆಂಪ್ಲಿಫೈಯರ್ ಉಸಿರು ಕಟ್ಟಿ ನಾದದ ಅಲೆಯ ತಲೆಯನ್ನೇ ಕತ್ತರಿಸುತ್ತದೆ. ಆಗ ಅದರ ಮೇಲೆ ಬರೆದ ವ್ಯಾಟಿನ ಹೆಚ್ಚುಕಮ್ಮಿ ಇಮ್ಮಡಿ ಶಕ್ತಿ ಕಾಯಿಲ್‌ಗೆ ನುಗ್ಗಬಹುದು. ಕಾಯಿಲ್ ಕರಕಲು!

ರೋಗ ಯಾವುದು?

ಬಿಚ್ಚುವ ಮೊದಲು ಎರಡು ಪರೀಕ್ಷೆ. ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಸಮನಾಗಿಟ್ಟು ಮೆಲ್ಲಗೆ ಒತ್ತಿ. ಕರಕರ ಎಂದರೆ ಕಾಯಿಲ್ ಸಂದಿಗೆ ಉಜ್ಜುತ್ತಿದೆ. ಆಮೇಲೆ ಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ ಸುಮಾರು 6 ತೋರಿಸಬೇಕು. ಏನೂ ತೋರಿಸದಿದ್ದರೆ ಮೊದಲು ಹೊರಗಿನ ಲೀಡ್ ವೈರ್ ನೋಡಿ. ಎಷ್ಟೋ ಸಲ ತುಂಡಾಗಿರುವುದು ಅದೊಂದೇ, ಒಂದು ಟಾಂಕಾ ಹಾಕಿದರೆ ಮುಗಿಯಿತು. ಕೋನ್ ಒಂದಿಷ್ಟೇ ಹರಿದಿದ್ದರೆ ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಎರಡೂ ಬದಿಗೆ ಅಂಟಿಸಿ.

ಮರದ ಕಂಬದ ಮೇಲಿನ ಹಾರ್ನ್ ಆದರೆ ಇನ್ನೂ ಸುಲಭ. ಯೂನಿಟ್‌ನ ಸ್ಕ್ರೂ ಬಿಚ್ಚಿ ಡಯಾಫ್ರಂ ಬದಲಿಸಿದರೆ ಆಯ್ತು. ಸ್ಪೀಕರಿನ ಕಾಯಿಲ್ ಸುಟ್ಟಿದ್ದರೆ ಮಾತ್ರ ರೀಕೋನಿಂಗ್.

ಆಪರೇಷನ್ ಶುರು!

ಮರದ ಮೇಜು, ಮೇಲೆ ಪೇಪರ್. ಕಬ್ಬಿಣದ ಪುಡಿ ಹತ್ತಿರ ಸುಳಿಯಬಾರದು. ಹಳೇ ಕಾಯಿಲ್ ಸಂದಿನೊಳಗೆ ಎಷ್ಟು ಆಳ ಕೂತಿತ್ತೆಂದು ಗುರುತು ಮಾಡಿಕೊಂಡೇ ಕೋನ್ ಕತ್ತರಿಸಿ. ಆ ಹಳೇ ಕಾಯಿಲ್ ಬಿಸಾಡಬೇಡಿ. ಒಳವ್ಯಾಸ, ಎತ್ತರ, ಓಮ್ ಸರಿಹೊಂದುವ ಹೊಸದನ್ನು ತರಲು ಅದೇ ಸಾಕ್ಷಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಉಂಟಲ್ಲ! ಕೋನ್ ಕೂಡ ಮೊದಲಿನಷ್ಟೇ ತೂಕ, ಅಷ್ಟೇ ಆಳದ್ದಿರಲಿ. ಅಗ್ಗದ್ದು ಹಾಕಿದರೆ ರಾಜಣ್ಣನ ಕಂಠವೂ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ.

ಫ್ರೇಮಿನ ಹಳೇ ಅಂಟನ್ನು ಥಿನ್ನರಿನಿಂದ ತೆಗೆಯಿರಿ. ಕಿಟಕಿ ತೆರೆದಿರಲಿ, ಬೀಡಿ ಸಿಗರೇಟು ದೂರ! ಗಟ್ಟಿ ಕಾಗದಕ್ಕೆ ಟೇಪನ್ನು ಅಂಟು ಹೊರಗಾಗುವಂತೆ ಸುತ್ತಿ ಸಂದಿನೊಳಗೆ ಸುತ್ತಲೂ ಆಡಿಸಿ. ಟೇಪ್ ಕ್ಲೀನಾಗಿ ಹೊರಬರುವ ತನಕ ಬಿಡಬೇಡಿ. ಒಂದು ಚೂರು ಉಳಿದರೂ ಕ್ಲೈಮ್ಯಾಕ್ಸಿನಲ್ಲಿ ಕೈಕೊಡುತ್ತದೆ.

ಈಗ ಗುಟ್ಟಿನ ವಿಷಯ. ಕಾಯಿಲ್ ಸಂದಿನ ನಟ್ಟ ನಡುವೆ ನಿಲ್ಲಬೇಕಲ್ಲ, ಅದನ್ನು ನಿಲ್ಲಿಸಲು ಏನು ಬೇಕು ಗೊತ್ತೇ? ಹಳೇ ಸಿನಿಮಾ ರೀಲಿನ ತುಂಡು! ಇಲ್ಲವೇ ಎಕ್ಸ್‌ರೇ ಫಿಲ್ಮ್. ಸಪೂರ ಪಟ್ಟಿ ಕತ್ತರಿಸಿ ನಡುಗಂಬ ಮತ್ತು ಕಾಯಿಲ್ ನಡುವೆ ಸುತ್ತಲೂ ಬಿಗಿಯಾಗಿ ಇಳಿಸಿ. ಒಂದು ಕಾಲದಲ್ಲಿ ಹೀರೋನ ಮುಖ ತೋರಿಸಿದ ಫಿಲ್ಮು, ಈಗ ಅವನ ದನಿಯನ್ನು ನೆಟ್ಟಗೆ ನಿಲ್ಲಿಸುತ್ತದೆ.

ಕಾಯಿಲ್ ಮೊದಲಿನ ಆಳಕ್ಕೇ ಇರಲಿ. ಮೊದಲು ಸ್ಪೈಡರ್ ಅಂಟಿಸಿ, ಆಮೇಲೆ ಕೋನ್. ಫ್ರೇಮಿನ ಅಂಚಿಗೆ ರಬ್ಬರ್ ಗಮ್ ಸಾಕು, ಆದರೆ ಕಾಯಿಲ್‌ನ ಕುತ್ತಿಗೆಗೆ ಬಿಸಿ ತಡೆಯುವ ಅರಾಲ್ಡೈಟ್‌ನಂಥ ಅಂಟೇ ಬೇಕು. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ. ಆಟಿ ತಿಂಗಳ ಮಳೆಯಲ್ಲಾದರೆ ಪಕ್ಕದಲ್ಲಿ ಒಂದು 60 ವ್ಯಾಟ್ ಬಲ್ಬ್ ಉರಿಯಲಿ, ಇಲ್ಲದಿದ್ದರೆ ಅಂಟು ಒಣಗುವುದಿಲ್ಲ.

ಒಣಗಿದ ಮೇಲೆ ಫಿಲ್ಮ್ ಪಟ್ಟಿ ಎಳೆದು, ಲೀಡ್ ವೈರ್ ಬೆಸುಗೆ ಹಾಕಿ, ಕೋನ್ ಒತ್ತಿ ನೋಡಿ. ಸದ್ದಿಲ್ಲದೆ ಆಡಿದರೆ ಗೆದ್ದಿರಿ! ಡಸ್ಟ್ ಕ್ಯಾಪ್ ಕೊನೆಗೆ ಅಂಟಿಸಿ. ಅವಸರ ಮಾಡಿ ಅದನ್ನು ಮೊದಲೇ ಅಂಟಿಸಿದರೆ ಪಟ್ಟಿ ಎಳೆಯುವುದು ಎಲ್ಲಿಂದ?

ಕೊನೆಯ ಸೀನ್: ಒಂದೂವರೆ ವೋಲ್ಟಿನ ಸೆಲ್ಲಿನ ಪ್ಲಸ್ಸನ್ನು ಕೆಂಪು ಟರ್ಮಿನಲ್ಲಿಗೆ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಚಿಮ್ಮಬೇಕು. ಜೋಡಿ ಸ್ಪೀಕರಿನಲ್ಲಿ ಒಂದು ಹೊರಗೆ, ಇನ್ನೊಂದು ಒಳಗೆ ಹೋದರೆ ಚೆಂಡೆಯ ಪೆಟ್ಟು ಅಲ್ಲೇ ಕರಗಿ ಹೋಗುತ್ತದೆ.

ಇಲ್ಲಿ ಮಾತ್ರ ಕೈ ಹಾಕಬೇಡಿ

ಫ್ರೇಮ್ ಸೊಟ್ಟಗಾಗಿದ್ದರೆ, ಕೆಳಗೆ ಬಿದ್ದು ಮ್ಯಾಗ್ನೆಟ್ ಜರುಗಿ ಸಂದು ಮುಚ್ಚಿದ್ದರೆ ಬಿಟ್ಟುಬಿಡಿ. ಮ್ಯಾಗ್ನೆಟ್ ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ಹಳೇ ಆಲ್ನಿಕೊ ಮ್ಯಾಗ್ನೆಟ್ ಬಿಚ್ಚಿದರೆ ಬಲವನ್ನೇ ಕಳಕೊಳ್ಳುತ್ತದೆ. ಮೊದಲ ಪ್ರಯೋಗ ಗುಜರಿ ಸ್ಪೀಕರಿನ ಮೇಲಾಗಲಿ, ದೇವಸ್ಥಾನದ ಜಾತ್ರೆಯ ಬಾಕ್ಸಿನ ಮೇಲೆ ಬೇಡ.

ಕೆಲಸವಿಲ್ಲದ ಮಳೆಗಾಲದ ನಾಲ್ಕು ತಿಂಗಳು ಕೈಯಲ್ಲುಂಟು. ಮೂಲೆಗೆ ಬಿದ್ದ ಒಂದು ಸ್ಪೀಕರ್ ಎತ್ತಿಕೊಳ್ಳಿ. ದೀಪಾವಳಿಗೆ ಅದು ಮೊದಲ ಹಾಡು ಹಾಡಿದಾಗ ಶಿಳ್ಳೆ ಹೊಡೆಯುವ ಹಕ್ಕು ನಿಮ್ಮದೇ!