ದರಿಯಾ ದೌಲತ್ತಿನ ಚಿತ್ರಗಳೂ ವಿಷಾದಭಾವವೂ

ಭರತನು ಎಣಿಸಿರುವ 33 ವ್ಯಭಿಚಾರಿಭಾವಗಳಲ್ಲಿ ವಿಷಾದವೂ ಒಂದು. ಇದನ್ನು ಶೋಕವೆಂದು ಭ್ರಮಿಸಲಾಗದು. ಶೋಕವು ಕರುಣರಸದ ಸ್ಥಾಯಿ. ಇಷ್ಟಜನರ ವಿಯೋಗನಾಶಾದಿಗಳಿಂದ ಹುಟ್ಟುವುದು. ವಿಷಾದವಾದರೋ ಕೈಕೊಂಡ ಕಾರ್ಯವು ಕೊನೆಮುಟ್ಟದೆ ಹೋದಾಗ, ಅಥವಾ ದೈವವು ಪ್ರತಿಕೂಲವಾದಾಗ ತಲೆದೋರುವುದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಚಿತ್ರಸಮುದಾಯವು ಈ ಭೇದವನ್ನು ವಿಶದಪಡಿಸುತ್ತದೆ.

ಕೋಟೆಯ ಹೊರಗಿನ ತೋಟದಲ್ಲಿ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಈ ಬೇಸಗೆಯ ಅರಮನೆಯು ಈಗ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿರುವ ಚಿತ್ರಗಳಲ್ಲಿ ಮೂರು ಬಗೆಗಳು ಪ್ರಕೃತ ವಿಚಾರಕ್ಕೆ ಮುಖ್ಯವಾದುವು.

ಮೊದಲನೆಯದು ಪಶ್ಚಿಮದ ಗೋಡೆಯ ಭಿತ್ತಿಚಿತ್ರ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಲಿಯ ಸೇನೆಯನ್ನು ಮುರಿದುದೇ ಅದರ ವಸ್ತು. ಚೌಕವಾಗಿ ನಿಂತ ಪದಾತಿಗಳ ನಡುವೆ ಬೇಲಿಯು ಪಲ್ಲಕ್ಕಿಯಲ್ಲಿರುವನು. ಸುತ್ತಲೂ ಮೈಸೂರಿನ ಕುದುರೆಪಡೆ ಮುತ್ತಿದೆ. ಸೆರೆಸಿಕ್ಕ ಅವನು 1782ರಲ್ಲಿ ಇದೇ ಪಟ್ಟಣದಲ್ಲಿ ಸತ್ತನು. ಎರಡನೆಯವು, ಥಾಮಸ್ ಹಿಕಿಯು ಸೀಸದ ಕಡ್ಡಿಯಲ್ಲಿ ಬರೆದ ಟಿಪ್ಪುವಿನ ಮಕ್ಕಳ, ಬಂಧುಗಳ, ಸರದಾರರ ಭಾವಚಿತ್ರಗಳು. ಮೂರನೆಯದು, 1799ರ ಮೇ 4ರಂದು ಕೋಟೆಯು ಶತ್ರುವಶವಾದುದನ್ನು ತೋರುವ ರಾಬರ್ಟ್ ಕೆರ್ ಪೋರ್ಟರನ ತೈಲಚಿತ್ರ.

ಇವುಗಳಲ್ಲಿ ಯಾವುದೂ ವಿಷಾದವನ್ನು ಉದ್ದೇಶಿಸಿ ಬರೆದುದಲ್ಲ. ಮೊದಲನೆಯದೂ ಕೊನೆಯದೂ ವೀರಕ್ಕೆ ಸೇರಿದುವು. ನಡುವಣವು ಮುಖಲಕ್ಷಣಗಳ ದಾಖಲೆಗಳು. ಆದರೆ ಮೂರರ ಹಿಂದೆಯೂ ನಿಲ್ಲದೆ ಹೋದ ಕಾರ್ಯವೊಂದುಂಟು. ಪೊಳ್ಳಿಲೂರಿನ ಜಯವು ಇಪ್ಪತ್ತು ವರ್ಷವೂ ಬಾಳಲಿಲ್ಲ. ಹಿಕಿಯು ಈ ಯುದ್ಧವನ್ನು ಕುರಿತು ಏಳು ದೊಡ್ಡ ಚಿತ್ರಗಳನ್ನು ಸಂಕಲ್ಪಿಸಿದನು. ಆ ಮಾಲೆಯು ಪೂರ್ಣವಾಗಲಿಲ್ಲ. ಅರಸುಮಕ್ಕಳನ್ನು ವೇಲೂರಿಗೂ, 1806ರ ದಂಗೆಯ ತರುವಾಯ ಕಲ್ಕತ್ತೆಗೂ ಸಾಗಿಸಿದರು. ಶ್ರೀರಂಗಪಟ್ಟಣವನ್ನು ಕಣ್ಣಾರೆ ಕಾಣದ ಪೋರ್ಟರನು 1800ರಲ್ಲಿ ಲಂಡನ್ನಿನಲ್ಲಿ ಇದೇ ವಸ್ತುವನ್ನು ಕುರಿತು ಪ್ರದರ್ಶಿಸಿದ ಬೃಹತ್ಪಟವು ಮುಂದೆ ಬೆಂಕಿಗೆ ಆಹುತಿಯಾಯಿತು.

ಹಾಗಾದರೆ ನೋಡುವವನಲ್ಲಿ ವಿಷಾದವನ್ನು ಎಬ್ಬಿಸುವುದು ಯಾವುದು? ದೇಶಕಾಲಗಳು ಉದ್ದೀಪನವಿಭಾವಗಳೆಂದು ಆಲಂಕಾರಿಕರು ಹೇಳುವರು. ಹಿಕಿಯ ರೇಖೆಗಳನ್ನು ಲಂಡನ್ನಿನಲ್ಲಿ ನೋಡಿದರೆ ಅವು ಭಾವಚಿತ್ರಗಳು ಮಾತ್ರ. ತಂದೆಯ ಅರಮನೆಯಲ್ಲಿ, ತಂದೆಯ ಗೆಲುವಿನ ಚಿತ್ರವಿರುವೆಡೆಯಲ್ಲೇ ನೋಡಿದಾಗ ಅವೇ ಮುಖಗಳು ಬೇರೆ ಅರ್ಥವನ್ನು ತಾಳುವುವು. ಇಲ್ಲಿ ಸ್ಥಳವೇ ಉದ್ದೀಪನ.

ಆದರೂ ಒಂದು ಎಚ್ಚರಿಕೆ ಅವಶ್ಯ. ಭಿತ್ತಿಚಿತ್ರವು 1799ರ ಮುತ್ತಿಗೆಗೆ ಮೊದಲೇ ಕೆಟ್ಟಿದ್ದಿತು. ಕೋಟೆ ಬಿದ್ದಮೇಲೆ ಇಲ್ಲಿ ವಾಸಿಸಿದ ಕರ್ನಲ್ ವೆಲ್ಲೆಸ್ಲಿಯು ತನ್ನವರ ಸೋಲಿನ ಆ ಚಿತ್ರವನ್ನು ದುರಸ್ತಿ ಮಾಡಿಸಿದನು. ಮತ್ತೆ ಸುಣ್ಣದಡಿ ಮಾಸಿದ ಅದನ್ನು ಡಾಲ್‌ಹೌಸಿಯ ಆಜ್ಞೆಯಂತೆ, ಹಳೆಯ ರೂಪವನ್ನು ನೆನಪಿನಲ್ಲಿಟ್ಟಿದ್ದ ಚಿತ್ರಗಾರನೊಬ್ಬನು ಪುನಃ ಬರೆದನು. ಆದುದರಿಂದ ಇಂದು ಕಾಣುವ ಪ್ರತಿಯೊಂದು ಗೆರೆಯನ್ನೂ 1784ರ ಶೈಲಿಗೆ ಪ್ರಮಾಣವಾಗಿ ಹಿಡಿಯಲಾಗದು. ಗೆದ್ದವರ ಆಜ್ಞೆಯಿಂದ, ಸೋತವರ ನೆನಪಿನ ಬಲದಿಂದ ಉಳಿದುಬಂದ ಜಯಚಿತ್ರವಿದು. ವಿಷಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷ್ಯವು ಬೇಕಾಗದು.