ಹೀಟರ್ ಹಾಕದ ಕಾರು

ನವೆಂಬರ್ ಕೊನೆ, ರಾತ್ರಿ ಎರಡು ದಾಟಿದೆ. ಮ್ಯಾಸಚೂಸೆಟ್ಸ್‌ನ ವೆಲ್‌ಫ್ಲೀಟ್ ಕಡಲತೀರದಲ್ಲಿ ಉಬ್ಬರ ಈಗಷ್ಟೇ ಇಳಿಯತೊಡಗಿದೆ. ವಾಯವ್ಯದ ಗಾಳಿ ಮುಖಕ್ಕೆ ಮರಳು ಎರಚುತ್ತಿದೆ. ಟಾರ್ಚಿನ ಬೆಳಕಿಗೆ ಸಿಕ್ಕಿದ್ದೆಲ್ಲ ಆಮೆಯೇ: ಒಂದು ಕಲ್ಲು, ಒಂದು ಪಾಚಿ ಮುದ್ದೆ, ಯಾರದೋ ಟೋಪಿ. ನಾಲ್ಕನೆಯದು ಮಾತ್ರ ನಿಜವಾದ್ದು.

ಊಟದ ತಟ್ಟೆಯಷ್ಟಗಲ, ಬೂದು ಚಿಪ್ಪು. ಕೆಂಪ್ಸ್ ರಿಡ್ಲಿ ಮರಿ. (ಕೆಂಪಿಗೂ ಇದಕ್ಕೂ ಸಂಬಂಧವಿಲ್ಲ, ರಿಚರ್ಡ್ ಕೆಂಪ್ ಎಂಬಾತನ ಹೆಸರು 1880ರಲ್ಲಿ ಅಂಟಿಕೊಂಡದ್ದು.) ನಮ್ಮ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿಗೆ ಇದು ದಾಯಾದಿ. ಈಜುಗಾಲು ಮುಟ್ಟಿದೆ, ಅಲುಗಲಿಲ್ಲ. ಕಣ್ಣಿನ ಪಕ್ಕ ಬೆರಳಿಟ್ಟೆ. ರೆಪ್ಪೆ ಅದುರಿತೋ, ನನ್ನ ಕೈಯೇ ನಡುಗಿತೋ. ಸತ್ತಿದೆ ಎಂದು ಇಲ್ಲಿ ಯಾರೂ ತೀರ್ಮಾನಿಸುವಂತಿಲ್ಲ. ಚಳಿಗೆ ಮರಗಟ್ಟಿದ ಆಮೆಯ ಹೃದಯ ನಿಮಿಷಕ್ಕೊಂದೇ ಸಲ ಬಡಿಯುವುದೂ ಉಂಟು.

ಈ ತೀರವಿರುವ ಕೇಪ್ ಕಾಡ್ ಗಾಳದಂತೆ ಬಾಗಿದ ನೆಲ. ಬೇಸಿಗೆಯಲ್ಲಿ ಏಡಿ ಹುಡುಕುತ್ತ ಕೊಲ್ಲಿಯೊಳಗೆ ಬಂದ ಮರಿಗಳು ಚಳಿ ಹತ್ತಿದಾಗ ದಕ್ಷಿಣಕ್ಕೆ ಹೊರಡುತ್ತವೆ. ಅಲ್ಲಿ ದಡ ಅಡ್ಡ ಬರುತ್ತದೆ. ಹೊರದಾರಿ ಇರುವುದು ಉತ್ತರಕ್ಕೆ. ನೀರು 10 ಡಿಗ್ರಿಯ ಆಸುಪಾಸಿಗೆ ಇಳಿದರೆ ಮೈ ಸೆಟೆದು ತೇಲುತ್ತವೆ, ಗಾಳಿ ದಡಕ್ಕೆ ದೂಡುತ್ತದೆ. 2014ರಲ್ಲಿ ಹೀಗೆ ಬಂದು ಬಿದ್ದವು ಸಾವಿರಕ್ಕೂ ಹೆಚ್ಚು.

ಬೆಳಿಗ್ಗೆ ವೆಲ್‌ಫ್ಲೀಟ್‌ನ ವನ್ಯಜೀವಿ ಅಭಯಧಾಮದಲ್ಲಿ ಆಮೆಯನ್ನು ಅಳೆದು ತೂಗಿದ ಮೇಲೆ, ಬಾಳೆಹಣ್ಣಿನ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ ಮಲಗಿಸಿ ಕ್ವಿನ್ಸಿಯ ಆಮೆ ಆಸ್ಪತ್ರೆಗೆ ಹೊರಟೆವು. ಕಾರಿನ ಹೀಟರ್ ಹಾಕಬಾರದೆಂಬುದು ಕಟ್ಟಪ್ಪಣೆ. ಚಳಿಯಲ್ಲಿ ಬಿದ್ದವರನ್ನು ಕಂಡರೆ ಕಂಬಳಿ ಹೊದಿಸಿ ಬಿಸಿನೀರು ಕಾಯಿಸಿ ಅಭ್ಯಾಸವಾದ ನನಗೆ ಇದು ಕಷ್ಟದ ಕೆಲಸ. ಒಮ್ಮೆಲೇ ಬಿಸಿ ತಗುಲಿದರೆ ಬದುಕುವ ಆಮೆಯೂ ಸಾಯಬಹುದು. ಮುಂದಿನ ಸೀಟಿನಲ್ಲಿ ಟೋಪಿ, ಕೈಗವಸು ಹಾಕಿಕೊಂಡು ನಾನೇ ನಡುಗುತ್ತ ಕೂತೆ.

ಆಸ್ಪತ್ರೆಯಲ್ಲಿ ಚಿಪ್ಪಿನ ಮೇಲೆ ನಂಬರು ಬರೆದರು. ಕತ್ತಿನಿಂದ ರಕ್ತ ತೆಗೆದರು, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಹುಡುಕಿದರು. ಆಮೇಲೆ ತಣ್ಣನೆಯ ಕೋಣೆ. ದಿನಕ್ಕೆ ಸುಮಾರು 3 ಡಿಗ್ರಿಯಂತೆ, ನಾಲ್ಕೈದು ದಿನ ಹಿಡಿದು ಮೈಯನ್ನು 24ರವರೆಗೆ ಏರಿಸುತ್ತಾರೆ. ನಡುವೆ ಕೆಲವೇ ನಿಮಿಷ ಕೊಳದಲ್ಲಿ ಈಜು, ಪಕ್ಕದಲ್ಲೊಬ್ಬರು ಕಾವಲು. ಉಸಿರಿಗೆ ತಲೆ ಎತ್ತಲಾಗದಿದ್ದರೆ ಕಡಲಾಮೆಯೂ ನೀರಲ್ಲೇ ಮುಳುಗಿ ಸಾಯುತ್ತದೆ.

ಮೂರನೆಯ ದಿನ ಹೋದಾಗ ಆ ಕಾವಲು ನನ್ನ ಪಾಲಿಗೆ ಬಂತು. ಆಮೆಯ ಒಂದೇ ಈಜುಗಾಲು ಆಡುತ್ತಿತ್ತು, ಹಾಗಾಗಿ ಗಾಣದೆತ್ತಿನಂತೆ ಸುತ್ತುತ್ತಿತ್ತು. ಮನಸ್ಸಿನಲ್ಲೇ ಎಣಿಸತೊಡಗಿದೆ. ಎಂಬತ್ತಾಯಿತು, ತೊಂಬತ್ತಾಯಿತು. ಕೈ ಹಾಕಲೆಂದು ತೋಳು ಮಡಚಿದೆ. ಅಷ್ಟರಲ್ಲಿ ಮೂತಿ ಮೇಲೆ ಬಂತು, ಫುಸ್ಸೆಂದು ಉಸಿರು ಬಿಟ್ಟು, ಎಳೆದುಕೊಂಡು ಮತ್ತೆ ಕೆಳಗಿಳಿಯಿತು. ಪುನಃ ಒಂದರಿಂದ ಎಣಿಸತೊಡಗಿದೆ.